ಎರಡನೆಯ ಸಲ ನೋಡಿದ್ದು

ಮಂಗಳವಾರ ಬೆಳಿಗ್ಗೆ ಮುಳ್ಳೇರಿಯದಲ್ಲಿ ಬಸ್ಸಿಳಿದ ಶಮೀಮಾಳಿಗೆ ಎದುರಿನ ಜೆರಾಕ್ಸ್ ಅಂಗಡಿ ಇಷ್ಟು ಬೇಗ ತೆರೆದಿರಬಾರದಿತ್ತು ಎನಿಸಿತು. ತೆರೆದಿತ್ತು. ಹಳೆಯ ಬನಿಯನ್ನಿನ ತುಂಡಿನಿಂದ ಯಂತ್ರದ ಗಾಜು ಒರೆಸುತ್ತಿದ್ದ ವಿಘ್ನೇಶ ಅವಳ ಬಿಳಿ ಕೋಟನ್ನು ದೂರದಿಂದಲೇ ಕಂಡು ಕೈಯೆತ್ತಿದ. ಕೆಲವರ ಸಂತೋಷ ಮುಖದಲ್ಲಿ ಮಾತ್ರ ಇರುತ್ತದೆ; ಇವನದು ಮೊಣಕೈಯಲ್ಲಿಯೂ ಇತ್ತು, ಗಾಜು ಒರೆಸುವ ರಭಸದಲ್ಲಿಯೂ ಇತ್ತು. “ಭಾನುವಾರ ಎಂತ ಸಿಸ್ಟರೇ, ಬರಲೇ ಇಲ್ಲ ನೀವು? ಅಮ್ಮ ನಿಮಗೆ ಅಂತ ಹೋಳಿಗೆ ತೆಗೆದಿಟ್ಟಿದ್ದರು. ಕಾದು ಕಾದು ನಿನ್ನೆ ನಾನೇ ತಿಂದೆ.” ಅವಳು ನಕ್ಕಳು. ಅವನ ಹೆಂಡತಿ ಚಿತ್ರಾಳ ಬಯಕೆ ಊಟಕ್ಕೆ ಹೋಗದಿದ್ದುದಕ್ಕೆ ಒಂದು ಕಾರಣವನ್ನು ಬಸ್ಸಿನಲ್ಲಿಯೇ ಹೊಂದಿಸಿಕೊಂಡು ಬಂದಿದ್ದಳು, ಆದರೆ ಅವನು ಕಾರಣ ಕೇಳಲಿಲ್ಲ, ಮೊಬೈಲಿನಲ್ಲಿ ಫೋಟೋ ತೋರಿಸಿದ: ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ಎರಡೂ ಕೈಯಲ್ಲಿ ಮೊಣಕೈವರೆಗೆ ಗಾಜಿನ ಬಳೆ, ನಡುವೆ ಚಿತ್ರಾಳ ಮುಖ. ಮುಖ ತುಂಬಿಕೊಂಡಿತ್ತು. ಫೋಟೋ ನೋಡಿದವರೆಲ್ಲ ಕಳೆ ಬಂದಿದೆ ಎನ್ನುತ್ತಿದ್ದರಂತೆ. ಕಳೆಯಲ್ಲ ಅದು, ನೀರು ಎಂದು ಶಮೀಮಾಳ ಕಣ್ಣು ಹೇಳಿತು, ಬಾಯಿ ಹೇಳಲಿಲ್ಲ. “ಹೇಗಿದ್ದಾಳೆ?” “ಚೆನ್ನಾಗಿದ್ದಾಳೆ. ನಿನ್ನೆಯಿಂದ ಚೂರು ತಲೆನೋವು. ಎಷ್ಟು ಮಂದಿ ಫೋಟೋ ತೆಗೆದರು ಮಾರಾಯ್ರೆ, ಆ ಬೆಳಕಿಗೇ ಇರಬೇಕು.” ಅವನು ಗಾಜಿನ ಮೇಲೆ ಉಸಿರು ಬಿಟ್ಟು ಇನ್ನೊಮ್ಮೆ ಒರೆಸಿದ. ಅವಳು ರಸ್ತೆ ದಾಟುವಾಗ ಎಡಬಲ ನೋಡುವುದನ್ನೇ ಮರೆತಳು.

ಸುಳ್ಳು ಬರೆದದ್ದಲ್ಲ. ಆರು ದಿನಗಳಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದು ಇದೇ. ಕಳೆದ ಬುಧವಾರ ಆರೋಗ್ಯ ಸಬ್‌ಸೆಂಟರಿನಲ್ಲಿ ಚುಚ್ಚುಮದ್ದಿನ ಮಕ್ಕಳ ಕೂಗಾಟದ ನಡುವೆ ಚಿತ್ರಾಳ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಟ್ಟಾಗ, ಇಳಿಯುತ್ತಿದ್ದ ಪಾದರಸ ನೂರ ನಲವತ್ತಾರರಲ್ಲಿ ಮೊದಲ ಸದ್ದು ಕೇಳಿಸಿತು, ತೊಂಬತ್ತನಾಲ್ಕರಲ್ಲಿ ಮೌನವಾಯಿತು. ಚಿತ್ರಾ ಪಾದರಸವನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದಳು. “ಜಾಸ್ತಿ ಉಂಟಾ ಸಿಸ್ಟರ್?” “ಗುಡ್ಡೆ ಹತ್ತಿ ಬಂದದ್ದಲ್ಲವಾ, ಸ್ವಲ್ಪ ಕೂತುಕೋ. ಇನ್ನೊಮ್ಮೆ ನೋಡುವ.” ಎರಡನೆಯ ಸಲ ನೂರ ಮೂವತ್ತೆಂಟು. ಮಜ್ಜಿಗೆ ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ, ಫ್ಯಾನು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ನೂರ ಮೂವತ್ತು, ಎಂಬತ್ತನಾಲ್ಕು. ಅದನ್ನೇ ತಪಾಸಣೆಯ ಕಾರ್ಡಿನಲ್ಲಿ ಬರೆದಳು. ಪಾದರಸವೇ ಹೇಳಿದ ಮಾತು. ಆದರೆ ಮೂರು ಮಾತು ಹೇಳಿದ್ದರಲ್ಲಿ ತನಗೆ ಬೇಕಾದ ಒಂದನ್ನು ಮಾತ್ರ ಕೇಳಿಸಿಕೊಂಡದ್ದು. ಮತ್ತು ಹಾಗೆ ಕೇಳಿಸಿಕೊಂಡದ್ದು ಅದು ಮೂರನೆಯ ತಿಂಗಳು. ಹೆಚ್ಚು ಕಂಡರೆ ಕಾರ್ಡಿನ ತಲೆಯಲ್ಲಿ ಕೆಂಪು ಶಾಯಿಯಿಂದ ‘ಹೈ ರಿಸ್ಕ್’ ಎಂದು ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಚಿತ್ರಾ ಅವಳ ಪೆನ್ನು ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟಿದ್ದಳು, ಬಿಸಿ ಕೈ, ಬೆರಳಿನ ಗೆಣ್ಣುಗಳು ಕಾಣದಷ್ಟು ತುಂಬಿದ ಕೈ. “ಭಾನುವಾರ ಒಂದು ಕಳೆಯಲಿ ಸಿಸ್ಟರ್. ಕೆಂಪು ಕಂಡರೆ ಇವರ ಕಡೆಯವರು ಎಂತ ಹೇಳ್ತಾರೆ ಅಂತ ನಿಮಗೆ ಗೊತ್ತಲ್ಲ. ಎಣ್ಮಕಜೆಯ ಹೆಣ್ಣು ಅಂತ ಈಗಲೇ ಹೊಟ್ಟೆ ನೋಡಿ ಮಾತಾಡ್ತಾರೆ.”

ಗೊತ್ತಿತ್ತು. ಬೇರೆ ಯಾರಿಗೆ ಗೊತ್ತಿರದಿದ್ದರೂ ಅವಳಿಗೆ ಗೊತ್ತಿತ್ತು. ಅವಳ ಮೊದಲ ಪೋಸ್ಟಿಂಗ್ ಎಣ್ಮಕಜೆಯಲ್ಲಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಸುರಿಯುವುದು ನಿಂತು ಎರಡು ವರ್ಷವಾಗಿತ್ತು, ಆದರೆ ಆ ವಿಷದಿಂದ ಊನವಾಗಿ ಹುಟ್ಟಿದ ಮಕ್ಕಳನ್ನು ಕಂಡ ಬಸುರಿಯರ ಕಣ್ಣಿನಲ್ಲಿ ಅದು ನಿಂತಿರಲಿಲ್ಲ. ಚಿತ್ರಾಳ ಅಣ್ಣ ಉದಯಶಂಕರ ಹುಟ್ಟಿದಂದಿನಿಂದ ಚಾಪೆ ಬಿಟ್ಟು ಎದ್ದವನಲ್ಲ. ಅವನ ಬೆನ್ನಿನ ಹುಣ್ಣು ತೊಳೆಯಲು ಶಮೀಮಾ ಹೋಗುತ್ತಿದ್ದಾಗ ಚಿತ್ರಾ ಎರಡು ಜಡೆಯ ಶಾಲೆ ಹುಡುಗಿ, ತಾಯಿಯಿಲ್ಲದ ಮನೆಯಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಆ ಊರಿನಲ್ಲಿ ಶಮೀಮಾ ಕಲಿತದ್ದು ಒಂದು ಕೆಟ್ಟ ವಿದ್ಯೆ: ನೋಡುವ ಮೊದಲೇ ಸಮಾಧಾನ ಹೇಳುವುದು. ಮಗುವಿನ ಎದೆಬಡಿತ ಕೇಳಲು ಹೊಟ್ಟೆಯ ಮೇಲೆ ಫೀಟೋಸ್ಕೋಪ್ ಇಡುವಾಗಲೇ, ಇನ್ನೂ ಏನೂ ಕೇಳಿಸಿರದಾಗಲೇ, ಅವಳ ಮುಖ ನಗುವಿಗೆ ಸಿದ್ಧವಾಗಿರುತ್ತಿತ್ತು. ಹೆಂಗಸರು ಆ ನಗುವಿಗಾಗಿ ಮೂರು ಮೈಲಿ ನಡೆದು ಬರುತ್ತಿದ್ದರು. ಶಮೀಮಾ ಸಿಸ್ಟರಿನ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ಮೊನ್ನೆ ಶನಿವಾರ ಕಾರಡ್ಕದ ಬ್ಲಾಕ್ ಮೀಟಿಂಗಿನಲ್ಲಿ ಸೂಪರ್‌ವೈಸರ್ ಅವಳ ರಿಜಿಸ್ಟರನ್ನು ಎತ್ತಿ ಹಿಡಿದು, ಈ ಸಬ್‌ಸೆಂಟರಿನಲ್ಲಿ ನೋಡಿ, ಆರು ತಿಂಗಳಲ್ಲಿ ಒಂದೇ ಒಂದು ಕೆಂಪು ಇಲ್ಲ ಎಂದಾಗ ಇಪ್ಪತ್ತೆರಡು ಸಿಸ್ಟರುಗಳು ಚಪ್ಪಾಳೆ ತಟ್ಟಿದರು. ಯಾರಾದರೂ ಬೈದಿದ್ದರೆ ಅವಳು ತಲೆ ತಗ್ಗಿಸಿ ಮನೆಗೆ ಹೋಗಿ ಅನ್ನ ಉಣ್ಣುತ್ತಿದ್ದಳು. ಚಪ್ಪಾಳೆಯ ಮೇಲೆ ಅನ್ನ ಸೇರಲಿಲ್ಲ.

ಮೋರಿಯ ಹತ್ತಿರ ಆಶಾ ಕಾರ್ಯಕರ್ತೆ ಅಮ್ಮು ಕೊಡೆ ಮಡಚಿಕೊಂಡು ಕಾಯುತ್ತಿದ್ದಳು. ಐವತ್ತರ ಹೆಂಗಸು, ಗುಡ್ಡೆಯಲ್ಲಿ ಮೇಕೆಯಂತೆ ನಡೆಯುವವಳು, ಪಂಚಾಯತಿನ ಪ್ರತಿ ಹೊಟ್ಟೆಯ ದಿನವನ್ನೂ ಬಾಯಿಪಾಠ ಮಾಡಿಕೊಂಡವಳು. “ಇವತ್ತು ಮೇಲಿನ ಕಾಲೊನಿ ಅಲ್ಲವಾ ಸಿಸ್ಟರೇ?” “ಮೊದಲು ಚಿತ್ರಾಳ ಮನೆ.” “ಅಲ್ಲಿ ಎಂತ? ಹೋಳಿಗೆ ಮುಗಿದಿದೆ, ನಾನು ಭಾನುವಾರವೇ ಮುಗಿಸಿ ಬಂದಿದ್ದೇನೆ.” ಶಮೀಮಾ ಗುಡ್ಡೆಯ ಮೆಟ್ಟಿಲು ಹತ್ತಿದಳು. ಅಮ್ಮು ಅವಳ ಕೈಯಿಂದ ಬಿಪಿ ಪೆಟ್ಟಿಗೆಯನ್ನು ಕಿತ್ತುಕೊಂಡು ಹಿಂದೆ ಬಂದಳು. ಗೇರು ಹೂ ಬಿಟ್ಟಿತ್ತು. ಗಾಳಿ ಬೀಸಿದಾಗಲೆಲ್ಲ ಆ ಸಿಹಿಯೂ ಒಗರೂ ಸೇರಿದ ವಾಸನೆ. ನೂರ ನಲವತ್ತಾರು, ತೊಂಬತ್ತನಾಲ್ಕು. ಅದಕ್ಕೂ ಹಿಂದಿನ ತಿಂಗಳು ನೂರ ನಲವತ್ತೆರಡು, ತೊಂಬತ್ತೆರಡು. ಅದಕ್ಕೂ ಹಿಂದೆ ನೂರ ಮೂವತ್ತೆಂಟು, ಎಂಬತ್ತೆಂಟು. ಬರೆಯದೆ ಬಿಟ್ಟ ಅಂಕಿಗಳು ಹೆಜ್ಜೆ ಹೆಜ್ಜೆಗೂ ತಾವಾಗಿ ಬಂದವು. ಅವಳ ಅಜ್ಜಿ ಕುಂಞಾಮಿನ, ಹೆರಿಗೆಯ ಮನೆಗಳಲ್ಲಿ ಮಾಲೆ, ಎಂದರೆ ಸಂತರನ್ನು ಕೊಂಡಾಡುವ ಹಾಡು, ಓದುತ್ತಿದ್ದಳು. ಒಳಗೆ ಹೆಣ್ಣು ನರಳುತ್ತಿರುವಾಗ ಹೊರಗೆ ಗೋಡೆಗೆ ಒರಗಿ, ಪುಸ್ತಕವಿಲ್ಲದೆ, ಕಣ್ಣು ಮುಚ್ಚಿ, ಸಾಲಿನ ಮೇಲೆ ಸಾಲು. ಪುಟ್ಟ ಶಮೀಮಾ ಅವಳ ತೊಡೆಗೆ ಕೆನ್ನೆ ಒತ್ತಿ ಕೇಳುತ್ತಿದ್ದಳು. ಪದಗಳ ಅರ್ಥ ತಿಳಿಯುತ್ತಿರಲಿಲ್ಲ, ಅಜ್ಜಿಯ ಎದೆಗೂಡಿನಿಂದ ತೊಡೆಯವರೆಗೆ ಇಳಿದು ಬರುವ ನಡುಕ ತಿಳಿಯುತ್ತಿತ್ತು. ಒಮ್ಮೆ ಅಜ್ಜಿ ಒಂದು ಸಾಲು ಬಿಟ್ಟಳು. ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿ ನಿಲ್ಲಿಸಿ, ನೀರು ಕುಡಿದು, ಮೊದಲಿನಿಂದ ಶುರು ಮಾಡಿದಳು. ಯಾರಿಗೂ ಗೊತ್ತಾಗದಿದ್ದರೆ ಯಾಕೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು, ಮೇಲಿನಿಂದ ಕೇಳುವವನಿಗೆ ಗೊತ್ತಾಯಿತಲ್ಲ ಮಗಳೇ.

ಅಂಗಳದಲ್ಲಿ ಭಾನುವಾರದ ಟಾರ್ಪಾಲಿನ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ವಿಘ್ನೇಶನ ಅಮ್ಮ ಪರಮೇಶ್ವರಿ ಬಾಡಿಗೆ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಇವರನ್ನು ನೋಡಿ ಸೆರಗಿನಲ್ಲಿ ಕೈ ಒರೆಸಿ, ಜಗಲಿಯ ಬೆಂಚು ತೋರಿಸಿ, ಒಳಗಿನಿಂದ ಎರಡು ಲೋಟ ಪಾನಕ ತಂದು ಜಗಲಿಯ ದಂಡೆಯ ಮೇಲೆ ಇಟ್ಟರು. ಯಾವಾಗಲೂ ದಂಡೆಯ ಮೇಲೆ. ಶಮೀಮಾ ಈ ಕಡೆಗೆ ಬಂದು ನಾಲ್ಕು ವರ್ಷ. ಲೋಟವನ್ನು ಅಲ್ಲಿಂದ ಅವಳಾಗಿಯೇ ತೆಗೆದುಕೊಳ್ಳುತ್ತಿದ್ದಳು, ಕುಡಿದಾದ ಮೇಲೆ ಅವಳೇ ತೊಳೆದು ಅಲ್ಲಿಯೇ ಇಡುತ್ತಿದ್ದಳು. ಅದರಲ್ಲಿ ಬೇಸರಿಸಲು ಏನೂ ಇಲ್ಲ ಎಂದು ಎಷ್ಟು ಸಲ ಅಂದುಕೊಂಡಿದ್ದಳೋ ಅಷ್ಟು ಸಲ ಬೇಸರಿಸಿದ್ದಳು. “ಪಾಪ, ಮಲಗಿದೆ. ಎಬ್ಬಿಸಬೇಕಾ?” ಎಂದರು ಪರಮೇಶ್ವರಿ. “ಎಬ್ಬಿಸಿ ಅಮ್ಮ.” ಚಿತ್ರಾ ಗೋಡೆ ಹಿಡಿದುಕೊಂಡು ಬಂದಳು. ಬಳೆಗಳ ಸದ್ದು ಬರಲಿಲ್ಲ, ಕೈಗೆ ಅಂಟಿಕೊಂಡಿದ್ದವು. ಬೆಳಕಿಗೆ ಕಣ್ಣು ಕಿರಿದು ಮಾಡಿ, “ಭಾನುವಾರ ಕಳೆಯಿತಲ್ಲ ಸಿಸ್ಟರ್” ಎಂದು ಸಣ್ಣಗೆ ನಕ್ಕಳು, ಒಪ್ಪಂದದ ಅರ್ಧವನ್ನು ತಾನು ನಡೆಸಿಕೊಟ್ಟೆ ಎನ್ನುವವಳ ಹಾಗೆ.

ಪಾದರಸ ಏರಿತು. ಇಳಿಯಲು ಬಿಟ್ಟಾಗ ನೂರ ಎಪ್ಪತ್ತಕ್ಕೂ ಅವಳ ಕಿವಿಯಲ್ಲಿ ಮೌನ, ಆಮೇಲೆ ನೂರ ಅರುವತ್ತೆರಡರಲ್ಲಿ ಬಾಗಿಲು ಬಡಿದ ಹಾಗೆ ಮೊದಲ ಸದ್ದು, ಅದು ನಿಲ್ಲದೆ, ನಿಲ್ಲದೆ, ನೂರ ನಾಲ್ಕರವರೆಗೆ. ಎಲ್ಲಿಂದಲೋ ನಗು ಬಂದು ಅವಳ ತುಟಿಯಲ್ಲಿ ಕೂತಿತು, ಹಳೆಯ ಅಭ್ಯಾಸ. ಕೂತುಕೋ, ಇನ್ನೊಮ್ಮೆ ನೋಡುವ ಎನ್ನುವ ಮಾತೂ ಅದರ ಹಿಂದೆಯೇ ಬಂದು ನಿಂತಿತು. ಅವಳು ಬಾಯಿ ಮುಚ್ಚಿದಳು. ಚೀಲದಿಂದ ಗಾಜಿನ ನಳಿಕೆ, ಸ್ಪಿರಿಟ್ ದೀಪ ತೆಗೆದಳು. ಚಿತ್ರಾ ಬಚ್ಚಲಿಗೆ ಹೋಗಿ ನಳಿಕೆಯಲ್ಲಿ ಮೂತ್ರ ತಂದುಕೊಟ್ಟಳು. ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಶಮೀಮಾ ನಳಿಕೆಯ ಮೇಲ್ಭಾಗವನ್ನು ಉರಿಗೆ ಹಿಡಿದಳು. ಪರಮೇಶ್ವರಿ ದೂರ ನಿಂತು ನೋಡಿದರು. ತಿಳಿಹಳದಿ ನೀರು ಕುದಿಯಿತು. ಕುದಿದ ಕಡೆ ಬೆಳ್ಳಗಾಯಿತು, ಮೊದಲು ಮಂಜಿನ ಹಾಗೆ, ಮತ್ತೆ ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿ. ಸೀಸೆಯಿಂದ ಆಸಿಡ್ಡಿನ ಎರಡು ಹನಿ ಹಾಕಿದಳು. ಕರಗಲಿಲ್ಲ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಅಮ್ಮು ಬಾಯಿಗೆ ಕೊಡೆಯ ಹಿಡಿ ಒತ್ತಿಕೊಂಡಳು. ವಿಚಿತ್ರವೆಂದರೆ ಶಮೀಮಾಳಿಗೆ ಆ ಕ್ಷಣದಲ್ಲಿ ಹೆದರಿಕೆಗಿಂತ ಮೊದಲು ಹಗುರವಾಯಿತು. ಇದನ್ನು ಇನ್ನು ಯಾವ ಮಜ್ಜಿಗೆಯೂ ಯಾವ ಫ್ಯಾನೂ ತಿಳಿಯಾಗಿಸಲಾರದು, ಇದನ್ನು ಇನ್ನು ಹೇಳಲೇಬೇಕು.

“ಈಗಲೇ ಕಾಸರಗೋಡಿಗೆ ಹೋಗಬೇಕು ಅಮ್ಮ. ನಾನು ಫೋನ್ ಮಾಡಿ ಹೇಳ್ತೇನೆ.”

“ಇವತ್ತಾ?” ಪರಮೇಶ್ವರಿ ಕ್ಯಾಲೆಂಡರ್ ಕಾಣುವ ಹಾಗೆ ಬಾಗಿಲಿನ ಒಳಗೆ ನೋಡಿದರು. “ಇವತ್ತು ಮಂಗಳವಾರ ಸಿಸ್ಟರ್. ಬಯಕೆ ಆದ ಹುಡುಗಿ ಇನ್ನು ಈ ಹೊಸ್ತಿಲು ದಾಟುವುದಾದರೆ ತವರಿನವರು ಬಂದು ಮಡಿಲು ತುಂಬಿಸಿ ಕರಕೊಂಡು ಹೋಗಬೇಕು. ಇದರ ಅಪ್ಪ ಆ ಮಗನನ್ನು ನೋಡಿಕೊಳ್ಳಲಿಕ್ಕೆ ಒಬ್ಬರನ್ನು ಗೊತ್ತುಮಾಡಿ ಗುರುವಾರ ಬರ್ತಾರೆ. ಎರಡು ದಿನ. ಅಷ್ಟರಲ್ಲಿ ಎಂತ ಆಗ್ತದೆ?”

“ಎರಡು ದಿನ ಇಲ್ಲ. ಫಿಟ್ಸ್ ಬಂದರೆ ತಾಯಿಯೂ ಇಲ್ಲ, ಮಗುವೂ ಇಲ್ಲ.”

ಚಿತ್ರಾ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಪರಮೇಶ್ವರಿಯ ದನಿ ಏರಲಿಲ್ಲ, ಇಳಿಯಿತು. “ಬುಧವಾರ ನೋಡಿದ್ದು ನೀವೇ ಅಲ್ಲವಾ. ಏನೂ ತೊಂದರೆ ಇಲ್ಲ ಅಂತ ಬರೆದದ್ದೂ ನೀವೇ. ಅದನ್ನು ನಂಬಿಯೇ ನಾನು ನೂರೈವತ್ತು ಜನಕ್ಕೆ ಊಟ ಹಾಕಿದ್ದು.”

ಗುಡ್ಡೆಯ ಕೆಳಗೆ ಎಲ್ಲಿಯೋ ಬಸ್ಸು ಹಾರ್ನ್ ಹಾಕಿತು. ಚಿತ್ರಾಳ ಕಣ್ಣು ಶಮೀಮಾಳನ್ನು ಬೇಡುತ್ತಿತ್ತು, ನನ್ನ ಹೆಸರು ಹೇಳಬೇಡಿ ಎಂದು. “ಬರೆದದ್ದು ನಾನೇ ಅಮ್ಮ,” ಎಂದಳು ಶಮೀಮಾ. “ಸರಿಯಾಗಿ ಬರೆಯಲಿಲ್ಲ. ಮೊದಲು ನೋಡಿದಾಗ ಹೆಚ್ಚಿತ್ತು. ಪುನಃ ಪುನಃ ನೋಡಿ ಕಡಿಮೆ ಬಂದದ್ದನ್ನು ಬರೆದೆ. ಮೂರು ತಿಂಗಳು ಹಾಗೆ ಮಾಡಿದೆ. ತಪ್ಪು ನನ್ನದು. ಅದಕ್ಕೆ ಎಂತ ಬೈಯುವುದಿದ್ದರೂ ಆಸ್ಪತ್ರೆಯಲ್ಲಿ ಕೂತು ಬೈಯಿರಿ, ನಾನು ಅಲ್ಲಿಯೇ ಇರ್ತೇನೆ.” ಹೇಳಿ ಮುಗಿಸಿದ ಮೇಲೆ ತನ್ನ ದನಿ ಎಷ್ಟು ಸಾಧಾರಣವಾಗಿತ್ತು ಎಂದು ಅವಳಿಗೆ ಆಶ್ಚರ್ಯವಾಯಿತು; ಆರು ದಿನ ಒಳಗೇ ಇಟ್ಟುಕೊಂಡಿದ್ದದ್ದು ಬಾಯಿಗೆ ಬಂದಾಗ ಐದಾರು ವಾಕ್ಯ. ಪರಮೇಶ್ವರಿ ಬೈಯಲಿಲ್ಲ. ಬೋರಲು ಹಾಕಿದ ಚರಿಗೆಯೊಂದನ್ನು ಎತ್ತಿ ನೆಟ್ಟಗೆ ಇಟ್ಟರು, ಮತ್ತೆ ಬೋರಲು ಹಾಕಿದರು. “ತವರಿನವರು ಇಲ್ಲದೆ ಹೇಗೆ ಕಳಿಸಲಿ,” ಎಂದರು, ಈ ಸಲ ಹಟದಿಂದಲ್ಲ, ದಾರಿ ಕೇಳುವವರ ಹಾಗೆ. “ಅಮ್ಮ ಇಲ್ಲದ ಹುಡುಗಿ. ನಾಳೆ ಏನಾದರೂ ಆದರೆ ಅತ್ತೆ ಶಾಸ್ತ್ರ ಬಿಟ್ಟಳು ಅಂತ ಆಗ್ತದೆ.”

“ನಾನು ಎಣ್ಮಕಜೆಯವಳೇ ಅಮ್ಮ,” ಎಂದಳು ಶಮೀಮಾ. ತಾನು ಹೇಳಹೊರಟದ್ದು ಅದಲ್ಲ, ಬಾಯಿ ಹೇಳಿತು. “ಆರು ವರ್ಷ ಅಲ್ಲಿ ಇದ್ದೆ. ಇವಳ ಅಣ್ಣನ ಬೆನ್ನು ತೊಳೆದವಳು ನಾನು. ಇವಳು ದೊಡ್ಡವಳಾದಾಗ ಬಟ್ಟೆ ಹೇಗೆ ಮಡಚುವುದು ಅಂತ ಹೇಳಿಕೊಟ್ಟವಳೂ ನಾನೇ, ಬೇರೆ ಯಾರಿದ್ದರು ಆ ಮನೆಯಲ್ಲಿ. ತವರಿನವರು ಬಂದಿದ್ದಾರೆ ಅಂತ ಎಣಿಸಿ.”

ಚಿತ್ರಾ ತಲೆನೋವಿನಲ್ಲಿಯೂ ತಲೆಯೆತ್ತಿದಳು. ಅಮ್ಮು ಗಂಟಲು ಸರಿಮಾಡಿಕೊಂಡು, “ಅದು ಸರಿ ಸಿಸ್ಟರೇ, ಆದರೆ ತವರಿನವರು ಬರಿಗೈಯಲ್ಲಿ ಬರಲಿಕ್ಕೆ ಉಂಟಾ?” ಎಂದಳು. ಶಮೀಮಾ ಚೀಲದೊಳಗೆ ಕೈ ಹಾಕಿದಳು, ಯಾವುದೋ ಉಡುಗೊರೆ ಅಲ್ಲಿ ಇದ್ದೇ ಇರುತ್ತದೆ ಎನ್ನುವ ಹಾಗೆ. ಕಬ್ಬಿಣದ ಮಾತ್ರೆಯ ಹತ್ತು ಪಟ್ಟಿ, ಮಕ್ಕಳ ತೂಕದ ಪುಸ್ತಕ, ಬುತ್ತಿ. ಬುತ್ತಿಯಲ್ಲಿ ಬಂಗುಡೆ ಮೀನಿನ ಸಾರು ಇತ್ತು. ಅದರ ಮುಚ್ಚಳ ಸಡಿಲ ಎಂದು ನೆನಪಾಗಿ ಅದನ್ನು ಆದಷ್ಟು ಆಳಕ್ಕೆ ತಳ್ಳಿದಳು. “ಮಾತ್ರೆ ಉಂಟು,” ಎಂದಳು. “ನೂರು.” ಪರಮೇಶ್ವರಿಯ ಮುಖದಲ್ಲಿ ಏನೋ ಸಡಿಲವಾಯಿತು. “ಇಂಥ ತವರು ನಾನು ಎಲ್ಲಿಯೂ ನೋಡಲಿಲ್ಲ,” ಎಂದು ಗೊಣಗುತ್ತ ಒಳಗೆ ಹೋದರು. ಬರುವಾಗ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯ, ಅಡಿಕೆಯ ಹಿಂಗಾರದ ಎಸಳು. ಜಗಲಿಯ ದಂಡೆಯ ಮೇಲೆ ಇಡಲು ಬಗ್ಗಿದವರು ಇಡಲಿಲ್ಲ. ನೇರ ಶಮೀಮಾಳ ಕೈಗೆ ಕೊಟ್ಟರು. ಹರಿವಾಣ ಭಾರವಿತ್ತು, ಕೈ ಬದಲಾಗುವಾಗ ಇಬ್ಬರ ಬೆರಳುಗಳೂ ಅದರ ಅಡಿಯಲ್ಲಿ ಒಂದು ಗಳಿಗೆ ಸಿಕ್ಕಿಕೊಂಡವು. “ನೀವೇ ಹಾಕಿ. ಹೇಗೆ ಅಂತ ಗೊತ್ತುಂಟಾ? ಮೊದಲು ಅಕ್ಕಿ. ಎರಡೂ ಕೈಯಲ್ಲಿ.” ಚಿತ್ರಾ ಸೆರಗು ಒಡ್ಡಿದಳು. ಅಮ್ಮು ಮಾತ್ರೆಯ ಪಟ್ಟಿಗಳನ್ನೂ ತೆಂಗಿನಕಾಯಿಯ ಪಕ್ಕದಲ್ಲಿ ಸೇರಿಸಿದಳು, ಯಾರೂ ಬೇಡ ಎನ್ನಲಿಲ್ಲ.

ಅಮ್ಮು ಕರೆಸಿದ ಮಂಜನ ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಚಿತ್ರಾಳನ್ನು ಎಡಮಗ್ಗುಲಿಗೆ ಮಲಗಿಸಿ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು ಶಮೀಮಾ. ಕಾಲು ಪರಮೇಶ್ವರಿಯ ಮಡಿಲಲ್ಲಿ. ಮುಳ್ಳೇರಿಯದಲ್ಲಿ ವಿಘ್ನೇಶ ಅಂಗಡಿಯ ಶಟರ್ ಎಳೆದು ಓಡಿಬಂದು ಮುಂದಿನ ಸೀಟಿನಲ್ಲಿದ್ದ ಅಮ್ಮುವನ್ನು ಪಕ್ಕಕ್ಕೆ ತಳ್ಳಿ ಹತ್ತಿದ. ಯಾರದೋ ರೇಷನ್ ಕಾರ್ಡು ಯಂತ್ರದೊಳಗೇ ಉಳಿದಿದೆ ಎಂದು ಎರಡು ಮೈಲಿ ಆದ ಮೇಲೆ ನೆನಪಾಯಿತು. “ಇರಲಿ, ಅವನ ಅಕ್ಕಿ ಎಲ್ಲಿಗೂ ಓಡುವುದಿಲ್ಲ,” ಎಂದ ಮಂಜ, ತಿರುವಿನಲ್ಲಿ ಹಾರ್ನ್ ಹಾಕುತ್ತ. ಶಮೀಮಾ ಚಿತ್ರಾಳ ನಾಡಿ ಹಿಡಿದಿದ್ದಳು, ಮೊಣಕಾಲನ್ನು ನೋಡುತ್ತಿದ್ದಳು, ಸೆಳೆತ ಬರುತ್ತದೆಯೋ ಎಂದು. ಪ್ರತಿ ಹೊಂಡಕ್ಕೂ ಇನ್ನೊಂದು ಕೈಯಿಂದ ತಲೆಯನ್ನು ಒತ್ತಿ ಹಿಡಿದಳು. ಈ ತಲೆಯನ್ನು ತಾನು ಮೂರು ತಿಂಗಳ ಹಿಂದೆಯೇ ಹೀಗೆ ಹಿಡಿದುಕೊಳ್ಳಬಹುದಿತ್ತು. ಆಗ ತಾನು ಹಿಡಿದದ್ದು ಇವಳ ಭಾನುವಾರವನ್ನು. ಪರಮೇಶ್ವರಿ ಸೊಸೆಯ ಕೈಯನ್ನು ತಿರುಗಿಸಿ ನೋಡಿದರು, ಬಳೆಗಳು ಊದಿದ ಚರ್ಮದಲ್ಲಿ ಗೆರೆ ಕೊರೆದಿದ್ದವು. ಒಂದೊಂದನ್ನೇ ತೆಗೆಯಲು ನೋಡಿದರು, ಆಗಲಿಲ್ಲ; ಸೀರೆಯ ಸೆರಗಿನಲ್ಲಿ ಮುಚ್ಚಿ ಹಿತವಾಗಿ ಒತ್ತಿ ಒಡೆದು ಚೂರುಗಳನ್ನು ತಮ್ಮ ಮಡಿಲಿಗೆ ಹಾಕಿಕೊಂಡರು.

“ಇವಳ ಬಳೆ ಎರಡು-ನಾಲ್ಕರ ಅಳತೆ,” ಎಂದರು, ಯಾರನ್ನೂ ನೋಡದೆ. “ಶುಕ್ರವಾರ ಎರಡು-ಆರು ತಂದೆ. ಹೋಗಲಿಲ್ಲ. ಸಾಬೂನು ಹಾಕಿದರೂ ಹೋಗಲಿಲ್ಲ. ಶನಿವಾರ ಪುನಃ ಬಸ್ಸು ಹತ್ತಿ ಹೋಗಿ ಎರಡು-ಎಂಟು ತಂದೆ. ಅಂಗಡಿಯವ ಯಾರಿಗೆ ಅಂತ ಕೇಳಿದ. ನನಗೆ ಅಂದೆ.”

ಶಮೀಮಾ ತಲೆಯೆತ್ತಿದಳು.

“ಗೊತ್ತಿತ್ತು ಸಿಸ್ಟರ್. ನನಗೆ ಬಿಪಿ ಗೊತ್ತಿಲ್ಲ, ಕೈ ಗೊತ್ತುಂಟು. ಆದರೆ ಕರೆದು ಆಗಿತ್ತು ಎಲ್ಲರನ್ನೂ. ನೀವು ಬರೆದ ಕಾಗದ ಇತ್ತಲ್ಲ, ಅದನ್ನು ಹಿಡಕೊಂಡೆ.”

“ನಿನ್ನ ಕೈಗೆ ಆ ಬಳೆ ಹಾಕಿದರೆ ಭುಜದವರೆಗೆ ಹೋದೀತು ಅಮ್ಮ,” ಎಂದ ವಿಘ್ನೇಶ ಮುಂದಿನಿಂದ. ಅವನ ದನಿ ಒಡೆದಿತ್ತು, ಆದರೂ ಅದು ತಮಾಷೆಯೇ. ಅಮ್ಮು ಕಿಸಕ್ಕೆಂದಳು. ಚಿತ್ರಾ ಕಣ್ಣು ಮುಚ್ಚಿಕೊಂಡೇ, “ನಗಿಸಬೇಡಿ, ತಲೆ ಸಿಡೀತದೆ” ಎಂದಳು. ಜೀಪು ಇಳಿಜಾರಿನಲ್ಲಿ ಹೋಗುತ್ತಿತ್ತು. ಒಂದೇ ಅಪರಾಧದ ಎರಡು ತುದಿಗಳನ್ನು ಹಿಡಿದು, ನಡುವೆ ಒಂದು ಹುಡುಗಿಯನ್ನು ಮಲಗಿಸಿಕೊಂಡು ಇಬ್ಬರು ಹೆಂಗಸರು ಆಚೀಚೆ ಕೂತಿದ್ದರು, ಮತ್ತು ಶಮೀಮಾಳಿಗೆ ಅಳು ಬರಬೇಕಾದಲ್ಲಿ ಬಂಗುಡೆ ಸಾರಿನ ವಾಸನೆ ಬರುತ್ತಿತ್ತು. “ಎಂತ ವಾಸನೆ ಇದು?” ಎಂದರು ಪರಮೇಶ್ವರಿ. “ತವರಿನದ್ದು,” ಎಂದಳು ಅಮ್ಮು.

ದೊಡ್ಡ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಕಾಯುತ್ತಿತ್ತು, ಫೋನ್ ಮಾಡಿದ್ದು ತಲುಪಿತ್ತು. ಡ್ಯೂಟಿ ಡಾಕ್ಟರ್ ತೀರ ಚಿಕ್ಕ ಹುಡುಗಿ, ಮಲಯಾಳದಲ್ಲಿ ಒಂದೇ ಉಸಿರಿಗೆ ಮೂವರಿಗೆ ಮೂರು ಕೆಲಸ ಹೇಳಿ, ಚಿತ್ರಾಳಿಗೆ ಇಂಜೆಕ್ಷನ್ ಕೊಡಿಸಿ, ಕೊನೆಗೆ ಕಾರ್ಡು ಬಿಡಿಸಿದಳು. ಬೆರಳು ಅಂಕಣದ ಮೇಲಿಂದ ಕೆಳಗೆ ಇಳಿಯಿತು: ನೂರಿಪ್ಪತ್ತಾರು, ನೂರ ಮೂವತ್ತು, ನೂರ ಮೂವತ್ತು. “ಹೋದ ವಾರದವರೆಗೆ ನಾರ್ಮಲ್ ಇದ್ದದ್ದಾ ಇದು?” ಸುತ್ತ ನಾಲ್ಕು ಸ್ಟಾಫ್ ನರ್ಸುಗಳು ನಿಂತಿದ್ದರು, ಒಬ್ಬಳು ಶಮೀಮಾಳ ಜೊತೆ ಟ್ರೈನಿಂಗ್ ಮಾಡಿದವಳು. ಇಲ್ಲಿ ಸಾಲು ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. “ಅಲ್ಲ ಡಾಕ್ಟರ್,” ಎಂದಳು ಶಮೀಮಾ, ಮತ್ತು ನೂರ ಮೂವತ್ತೆಂಟು, ಎಂಬತ್ತೆಂಟರಿಂದ ಶುರುಮಾಡಿ ಹೇಳಿದಳು, ವಾರ, ಅಂಕಿ, ಮತ್ತೆ ವಾರ, ಅಂಕಿ, ಎಲ್ಲಿಯೂ ತಡವರಿಸದೆ, ಕಣ್ಣು ಅರ್ಧ ಮುಚ್ಚಿ. ಡಾಕ್ಟರ್ ಅವಳನ್ನು ನೋಡಿದಳು. ಆ ನೋಟ ಅವಳಿಗಿಂತ ಹದಿನೈದು ವರ್ಷ ಚಿಕ್ಕದು, ಅದು ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆಯಿತು. “ಇದನ್ನು ಹೇಳದಿದ್ದರೆ ನಾನು ಇದು ಮೊನ್ನೆ ಶುರುವಾದದ್ದು ಅಂತ ಎಣಿಸಿ ನಾಳೆಯವರೆಗೆ ನೋಡೋಣ ಎನ್ನುತ್ತಿದ್ದೆ,” ಎಂದಳು. “ಮೂರು ತಿಂಗಳಿನಿಂದ ಇದೆ ಎಂದರೆ ಮಗುವಿಗೆ ಒಳಗೆ ಸರಿಯಾಗಿ ರಕ್ತ ಸಿಗುತ್ತಿರಲಿಕ್ಕಿಲ್ಲ. ಇವತ್ತೇ ಆಪರೇಷನ್ ಮಾಡಿ ತೆಗೆಯಬೇಕು.” ಜೇಬಿನಿಂದ ಪೆನ್ನು ತೆಗೆದು ಕೊಟ್ಟಳು. “ಬರೆಯಿರಿ. ಮೊದಲು ನೋಡಿದ್ದನ್ನೂ ಬರೆಯಿರಿ. ಸಹಿ ಹಾಕಿ. ನಿಮ್ಮ ಮೆಡಿಕಲ್ ಆಫೀಸರಿಗೂ ಬರೆದು ಕೊಡಬೇಕು, ಗೊತ್ತಲ್ಲ.” ಗೊತ್ತಿತ್ತು. ಮೆಮೊ ಬರುತ್ತದೆ, ಮುಂದಿನ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಬಾಯಿಗೆ ಅಡ್ಡ ಬರುತ್ತವೆ. ಗೋಡೆಗೆ ಕಾರ್ಡು ಒತ್ತಿ ಹಿಡಿದು ಅವಳು ಬರೆದಳು. ತನ್ನ ಹಳೆಯ ಅಂಕಿಗಳ ಪಕ್ಕದಲ್ಲಿ ಇನ್ನೂ ಹಳೆಯ ಅಂಕಿಗಳು. ಬರೆದು ಮುಗಿಸಿದಾಗ ಬೆಳಗ್ಗಿನಿಂದ ತಾನು ಏನೂ ತಿಂದಿಲ್ಲ ಎಂದು ಗೊತ್ತಾಯಿತು, ಹಸಿವೆ ಎಷ್ಟು ಜೋರಾಗಿ ಬಂತೆಂದರೆ ಅದು ಬಹುಮಟ್ಟಿಗೆ ಸಂತೋಷದಂತೆಯೇ ಇತ್ತು.

ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನ ಕಳೆಯಿತು. ಇಲ್ಲಿಯವರೆಗೆ ಅವಳ ಕೆಲಸ ಬಸ್ಸಿನವರೆಗೆ. ಹೆಂಗಸರನ್ನು ಹತ್ತಿಸಿ ಕೈ ಬೀಸಿ ಹಿಂದೆ ಬರುವುದು, ಆಮೇಲಿನದು ಫೋನಿನಲ್ಲಿ ಬರುವ ಸುದ್ದಿ, ಗಂಡು, ಹೆಣ್ಣು, ತೂಕ. ಬಾಗಿಲಿನ ಈಚೆ ಕಾಯುವುದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ವಿಘ್ನೇಶ ಗೋಡೆಯ ಮೇಲಿನ ಕುಟುಂಬ ಯೋಜನೆಯ ಪೋಸ್ಟರನ್ನು ಮೂರು ಭಾಷೆಯಲ್ಲಿಯೂ ಓದಿ ಮುಗಿಸಿದ. ಅಮ್ಮು ಪಕ್ಕದ ವಾರ್ಡಿನ ಯಾರದೋ ಸಂಸಾರದ ಪೂರ್ತಿ ಕತೆ ತಿಳಿದುಕೊಂಡು ಬಂದಳು. ಪರಮೇಶ್ವರಿ ಸೆರಗಿನಲ್ಲಿ ಕಟ್ಟಿದ್ದ ಬಳೆಚೂರುಗಳನ್ನು ಮುಟ್ಟಿ ಮುಟ್ಟಿ ನೋಡುತ್ತ, ಬಾಯಿಯೊಳಗೆ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಶಮೀಮಾ ಅವರ ಪಕ್ಕದಲ್ಲಿ ಕೂತು ಕೇಳಿದಳು. ಪದಗಳು ಅವಳವಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎನ್ನುವುದು ಮಾತ್ರ ಅವಳಿಗೂ ಗೊತ್ತಿತ್ತು. ಅವರು ತೆಗೆದುಕೊಂಡಲ್ಲಿ ಅವಳೂ ತೆಗೆದುಕೊಂಡಳು. ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಒಳಗಿನಿಂದ ಒಂದು ಕೂಗು ಬಂತು, ಸಣ್ಣದು, ಸಿಟ್ಟಿನದು, ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಜಗಳ ತೆಗೆಯುವ ಹಾಗೆ. ಸ್ತೋತ್ರ ನಡುವೆಯೇ ನಿಂತಿತು.

ಬಾಗಿಲು ತೆರೆದು ನರ್ಸು ಹಸಿರು ಬಟ್ಟೆಯ ಸುರುಳಿಯೊಂದನ್ನು ಹಿಡಿದು, “ಚಿತ್ರಾಳ ಕಡೆಯವರು ಯಾರು?” ಎಂದು ಮಲಯಾಳದಲ್ಲಿ ಕೂಗಿದಳು. “ಹೆಣ್ಣು. ಎರಡು ಕಿಲೋ. ತಾಯಿಗೆ ಬಿಪಿ ಇಳಿಯುತ್ತಾ ಬರ್ತಿದೆ, ಮಾತಾಡ್ತಿದ್ದಾಳೆ.” ವಿಘ್ನೇಶ ಎದ್ದವನು ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಪುನಃ ಕೂತ. ಪರಮೇಶ್ವರಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಅವರು ಮಗುವನ್ನು ನೋಡುತ್ತಿರಲಿಲ್ಲ. ಬಟ್ಟೆಯ ಸುರುಳಿಯೊಳಗೆ ಕಾಣದಿರುವುದನ್ನು ನೋಡುತ್ತಿದ್ದರು, ಉದಯಶಂಕರನನ್ನು, ಬಯಕೆಯ ದಿನ ಹೊಟ್ಟೆ ನೋಡಿ ಪಿಸುಗುಟ್ಟಿದವರನ್ನು. “ನನ್ನ ಕೈ ನಿಲ್ಲುವುದಿಲ್ಲ,” ಎಂದರು. “ನೀವು ತೆಗೊಳ್ಳಿ ಸಿಸ್ಟರ್.”

ಶಮೀಮಾ ತೆಗೆದುಕೊಂಡಳು. ತೋಳಿನಲ್ಲಿ ಭಾರವೇ ಇಲ್ಲ, ಬಿಸಿ ಮಾತ್ರ. “ಎಲ್ಲ ಸರಿ ಉಂಟಾ?” ಪರಮೇಶ್ವರಿ ಕೇಳಿದ್ದು ಅವಳಿಗೆ ಕೇಳಿಸಿತು, ವಿಘ್ನೇಶನೂ ಅಮ್ಮುವೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಉಂಟು ಎನ್ನುವುದು ನಾಲಗೆಯ ತುದಿಯಲ್ಲಿ ಆಗಲೇ ಸಿದ್ಧವಿತ್ತು. ಅವಳು ಅದನ್ನು ಅಲ್ಲಿಯೇ ಬಿಟ್ಟು ಬೆಂಚಿನ ಮೇಲೆ ಕೂತು, ಕಿಟಕಿಯ ಬಿಸಿಲು ಬೀಳುವ ಕಡೆಗೆ ತಿರುಗಿ, ಬಟ್ಟೆಯ ಒಂದು ಮಡಿಕೆ ಬಿಚ್ಚಿದಳು. ಬಲಗೈ. ಮುಷ್ಟಿ ಬಿಡಿಸಿ, ಐದು. ಎಡಗೈ, ಐದು, ಒಂದೊಂದರ ತುದಿಯಲ್ಲಿಯೂ ಗೀರುವಷ್ಟು ಬೆಳೆದ ಉಗುರು. ತುಟಿಯ ನಡುವೆ ಕಿರುಬೆರಳು ಇಟ್ಟಳು; ಅಂಗುಳು ಇಡಿಯಾಗಿತ್ತು, ಮಗು ಆ ಬೆರಳನ್ನು ಗಟ್ಟಿಯಾಗಿ ಹೀರಿತು. ಬೋರಲು ಮಲಗಿಸಿ ಬೆನ್ನಹುರಿಯ ಉದ್ದಕ್ಕೂ ಮೆಲ್ಲಗೆ ಬೆರಳು ಎಳೆದಳು, ಕುತ್ತಿಗೆಯಿಂದ ಕೆಳಗಿನವರೆಗೆ, ಒಂದು ಗಂಟನ್ನೂ ಬಿಡದೆ. ಕಾಲು ಮಡಚಿ ಬಿಟ್ಟಳು, ಮಗು ಒದೆಯಿತು. ಬಲಗಾಲಿನ ಬೆರಳು ಎಣಿಸಿ ಎಡಗಾಲಿಗೆ ಬರುವಷ್ಟರಲ್ಲಿ ಬೆಚ್ಚನೆಯ ನೀರಿನ ಸಣ್ಣ ಧಾರೆ ಅವಳ ಬಿಳಿ ಕೋಟಿನ ಮೇಲೆ ಹರಿದು ಮಡಿಲಿಗೆ ಇಳಿಯಿತು. ಅಮ್ಮು ಜೋರಾಗಿ ನಕ್ಕಳು. ವಿಘ್ನೇಶ ನಗುತ್ತಲೂ ಇದ್ದ, ತೋಳಿನಲ್ಲಿ ಕಣ್ಣು ಒರೆಸುತ್ತಲೂ ಇದ್ದ.

“ಹೇಳಿ ಮಾರಾಯ್ತಿ,” ಎಂದರು ಪರಮೇಶ್ವರಿ, ಅವಳ ಭುಜ ಹಿಡಿದು. “ಜೀವ ಹೋಗ್ತದೆ ನನಗೆ.”

“ತಡೀರಿ ಅಮ್ಮ,” ಎಂದಳು ಶಮೀಮಾ, ತಲೆಯೆತ್ತದೆ. “ಇನ್ನೂ ನೋಡಿ ಆಗಲಿಲ್ಲ.”